ಆಂಬುಲೆನ್ಸ್ ಬಂದ ಮೇಲೂ ಯಾಕೆ ಹೊರಡಲ್ಲ?

ಗ್ಲಾಸ್ಗೋದ ನಮ್ಮ ಮನೆಗೆ ಊರಿಂದ ಬಂದವರಿಗೆಲ್ಲ ‘ಪ್ಯಾರಾಮೆಡಿಕ್ಸ್ ಆನ್ ಸೀನ್’ ತೋರಿಸುತ್ತೇನೆ. ಬಿಬಿಸಿ ಸ್ಕಾಟ್ಲೆಂಡ್‌ನ ಸರಣಿ ಅದು. ನಟರಿಲ್ಲ. ಸ್ಕಾಟಿಷ್ ಆಂಬುಲೆನ್ಸ್ ಸರ್ವಿಸ್‌ನವರು ಕೆಲಸ ಮಾಡುವಾಗ ಹಿಂದೆಯೇ ಕ್ಯಾಮೆರಾ ಹೋಗುತ್ತದೆ, ಅಷ್ಟೆ. ನೋಡಿದವರು ಕೇಳುವುದು ಒಂದೇ: “ಅಲ್ಲಾ, ಆಂಬುಲೆನ್ಸ್ ಬಂದಾಯ್ತು. ಎತ್ಕೊಂಡು ಹೋಗೋದು ಬಿಟ್ಟು ಸೋಫಾ ಪಕ್ಕ ಕೂತು ಮಾತಾಡ್ತಾರಲ್ಲ, ಯಾಕೆ?”

ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಕರ್ನಾಟಕದಲ್ಲಿ 108 ಶುರುವಾದದ್ದೇ 2008ರಲ್ಲಿ. ಅದಕ್ಕೂ ಮೊದಲು ಸಿಕ್ಕ ಆಟೋದಲ್ಲೋ ಜೀಪಿನಲ್ಲೋ ಹಾಕಿಕೊಂಡು ಓಡಿದವರು ನಾವು. ಬೇಗ ಹೊರಟಷ್ಟೂ ಒಳ್ಳೆಯದು ಅನ್ನುವುದು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಇಲ್ಲಿ ಆ ಸೋಫಾ ಪಕ್ಕದಲ್ಲೇ ಚಿಕಿತ್ಸೆ ಶುರುವಾಗಿರುತ್ತದೆ. ಎದೆನೋವು ಅಂತ ಕರೆದರೆ ಮೊದಲು ಅಲ್ಲೇ ಇಸಿಜಿ ತೆಗೆಯುತ್ತಾರೆ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡ ಲಕ್ಷಣ ಕಂಡರೆ, ಗ್ಲಾಸ್ಗೋ ಸುತ್ತಮುತ್ತಲಿನವರನ್ನು ಹತ್ತಿರದ ಆಸ್ಪತ್ರೆ ಬಿಟ್ಟು ನೇರ ಕ್ಲೈಡ್‌ಬ್ಯಾಂಕ್‌ನ ಗೋಲ್ಡನ್ ಜುಬಿಲಿ ಆಸ್ಪತ್ರೆಗೆ ಒಯ್ಯುತ್ತಾರೆ. ಆಂಜಿಯೋಪ್ಲಾಸ್ಟಿ, ಅಂದರೆ ಕಟ್ಟಿದ ರಕ್ತನಾಳ ಬಿಡಿಸುವುದು, ಮಾಡುವವರು ಇರುವುದು ಅಲ್ಲಿ. ಇಸಿಜಿ ನೋಡದೆ ಎತ್ತಿಕೊಂಡು ಹೋಗಿ ಹತ್ತಿರದ ಆಸ್ಪತ್ರೆಗೆ ಸೇರಿಸಿದರೆ, ಅಲ್ಲಿಂದ ಮತ್ತೆ ಇನ್ನೊಂದು ಗಾಡಿ ಬರಬೇಕು. ಉಳಿಸಿದ ಹತ್ತು ನಿಮಿಷದ ಜೊತೆಗೆ ಇನ್ನೂ ಜಾಸ್ತಿ ಹೊತ್ತು ಹೋಗುತ್ತದೆ.

ಹೃದಯ ನಿಂತವರನ್ನಂತೂ ನೆಲದ ಮೇಲೆ ಮಲಗಿಸಿ ಅಲ್ಲೇ ಎದೆ ಒತ್ತುತ್ತಾರೆ. ಇಲ್ಲಿನ ಹಳೇ ಟೆನೆಮೆಂಟ್‌ಗಳ, ಅಂದರೆ ಮಹಡಿ ಮೇಲೆ ಮಹಡಿ ಇರುವ ವಠಾರದಂಥ ಮನೆಗಳ, ಕಲ್ಲಿನ ಮೆಟ್ಟಿಲು ನೀವು ನೋಡಬೇಕು. ಮೂರನೇ ಮಹಡಿಯಿಂದ ಇಳಿಸುತ್ತಾ ಎದೆ ಒತ್ತಲು ಆಗುವುದಿಲ್ಲ. ಒತ್ತುವುದು ನಿಂತರೆ ಮೆದುಳಿಗೆ ರಕ್ತ ಹೋಗುವುದೂ ನಿಂತಿತು. ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಹೇಗೂ ಅವರ ಕೈಯಲ್ಲೇ ಇರುತ್ತದೆ.

ಇನ್ನು ಆ ಮಾತು. “ಏನ್ ಪಾಲ್, ಬೆಳಿಗ್ಗೆ ಏನ್ ತಿಂದೆ?” ಅಂತ ಹರಟಿದ ಹಾಗೆ ಕಾಣುತ್ತದೆ. ಸರಿಯಾಗಿ ಗಮನಿಸಿ. ಒಂದು ವಾಕ್ಯ ಮುಗಿಸುವಷ್ಟು ಉಸಿರಿದೆಯಾ, ನಾಲಿಗೆ ತೊದಲುತ್ತಿದೆಯಾ, ಬಾಯಿ ಒಂದು ಕಡೆ ಸೊಟ್ಟಗಾಗಿದೆಯಾ ಎಲ್ಲ ಆ ಹರಟೆಯಲ್ಲೇ ತಿಳಿಯುತ್ತದೆ. ಹೆಂಡತಿಯನ್ನು “ಇವರು ಕೊನೆಗೆ ಸರಿಯಾಗಿದ್ದದ್ದು ಯಾವಾಗ?” ಅಂತ ಎರಡೆರಡು ಸಲ ಕೇಳುವುದಕ್ಕೂ ಕಾರಣ ಇದೆ. ಸ್ಟ್ರೋಕ್ ಆಗಿದ್ದರೆ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಅದು ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಲೆಕ್ಕ ಗೊತ್ತಿರುವುದು ಮನೆಯವರಿಗೆ ಮಾತ್ರ.

ನಮ್ಮ ಚಿಕ್ಕಪ್ಪನಿಗೆ ಅತಿ ವಿಚಿತ್ರ ಅನ್ನಿಸಿದ್ದು ಟೋಸ್ಟ್. ಸಕ್ಕರೆ ಕಾಯಿಲೆಯವರು ಶುಗರ್ ಇಳಿದು ಪ್ರಜ್ಞೆ ತಪ್ಪಿದ್ದರೆ ಮೊದಲು ಗ್ಲೂಕೋಸ್ ಅಥವಾ ಶುಗರ್ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಕೊಡುತ್ತಾರೆ. ಎದ್ದು ಕೂತ ಮೇಲೆ ಅಡುಗೆಮನೆಗೆ ಹೋಗಿ ಬ್ರೆಡ್ ಸುಟ್ಟು ತಂದುಕೊಡುವುದೂ ಉಂಟು. “ಸರ್ಕಾರಿ ಸಂಬಳ ತಗೊಂಡು ಬ್ರೆಡ್ ಸುಡ್ತಾರಲ್ಲೋ!” ಅಂತ ಚಿಕ್ಕಪ್ಪ ನಕ್ಕರು. ಗ್ಲೂಕೋಸ್ ಏರಿಸಿದ ಶುಗರ್ ಬೇಗ ಇಳಿಯುತ್ತದೆ. ನಿಧಾನವಾಗಿ ಕರಗುವುದು ಏನಾದರೂ ಹೊಟ್ಟೆಗೆ ಬೀಳಲೇಬೇಕು. ಮತ್ತೆ ಶುಗರ್ ನೋಡಿ, ಸರಿಯಿದ್ದರೆ, ನೋಡಿಕೊಳ್ಳುವವರಿದ್ದರೆ ಆ ರೋಗಿ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಉಳಿಯಬಹುದು. ಯಾವ ಲಕ್ಷಣ ಕಂಡರೆ ಮತ್ತೆ ಇಲ್ಲಿನ ತುರ್ತು ನಂಬರ್ 999ಕ್ಕೆ ಕರೆಯಬೇಕು ಅಂತ ಹೇಳಿ ಹೊರಡುತ್ತಾರೆ.

ನೋಡುಗರ ಇನ್ನೊಂದು ಮಾತು ಸಿಟ್ಟಿನದು. “ಸಣ್ಣಪುಟ್ಟದಕ್ಕೆಲ್ಲ ಕರೀತಾರಲ್ಲ, ಫೈನ್ ಹಾಕಬೇಕು!” ಇಲ್ಲಿನವರೂ ಹೀಗೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ತನಗೆ ಬಂದದ್ದು ಗ್ಯಾಸ್ಟ್ರಿಕ್ಕೋ ಹಾರ್ಟ್ ಅಟ್ಯಾಕೋ ಅಂತ ರಾತ್ರಿ ಎರಡು ಗಂಟೆಗೆ ಒಬ್ಬಂಟಿ ಮುದುಕಿಗೆ ಹೇಗೆ ತಿಳಿಯಬೇಕು? ಅದೂ ಅಲ್ಲದೆ ಕರೆಗಳನ್ನು ಬಣ್ಣ ಹಚ್ಚಿ ವಿಂಗಡಿಸುತ್ತಾರೆ. ಎಲ್ಲಕ್ಕಿಂತ ತುರ್ತಿನದು ನೇರಳೆ, ಆಮೇಲೆ ಕೆಂಪು. ಸಣ್ಣ ತೊಂದರೆಯವರು ಹಿಂದೆ ಕಾಯುತ್ತಾರೆ. ಸರಣಿಯಲ್ಲಿ ಅಷ್ಟಾಗಿ ಕಾಣದ ತೊಂದರೆ ಆಸ್ಪತ್ರೆಯ ಬಾಗಿಲಲ್ಲಿದೆ. ಗುಣವಾದವರಿಗೆ ಮನೆಯಲ್ಲಿ ಆರೈಕೆ ಮಾಡುವವರು ಸಿಗದೆ ಹಾಸಿಗೆ ಖಾಲಿಯಾಗುವುದಿಲ್ಲ. ಹಾಸಿಗೆ ಇಲ್ಲದೆ ಹೊರಗೆ ಆಂಬುಲೆನ್ಸ್‌ಗಳು ರೋಗಿಯ ಸಮೇತ ಸಾಲು ನಿಲ್ಲುತ್ತವೆ. 2021ರಲ್ಲಿ, ಕೋವಿಡ್ ಒತ್ತಡವೂ ಸೇರಿ, ಆಂಬುಲೆನ್ಸ್ ಓಡಿಸಲು ಸೈನಿಕರನ್ನೇ ಕರೆಸಬೇಕಾಯಿತು. ಫೈನ್ ಹಾಕಿದರೆ ಇದು ಸರಿಹೋಗುತ್ತಾ?

ಒಂದು ಕಡೆ ಮಾತ್ರ ನಾನೂ ನೋಡುಗರ ಜೊತೆ ಸೇರಿ ಬೈಯುತ್ತೇನೆ. ಕುಡಿದು ಬಿದ್ದವನನ್ನು ಎಬ್ಬಿಸಲು ಹೋದವರ ಮೇಲೆ ಅವನೇ ಕೈ ಎತ್ತುವುದಿದೆಯಲ್ಲ, ಅದು. ತುರ್ತುಸೇವೆಯವರ ಮೇಲೆ ಹಲ್ಲೆ ಮಾಡಿದರೆ, ಕೆಲಸಕ್ಕೆ ಅಡ್ಡಿ ಬಂದರೆ ಶಿಕ್ಷೆ ಕೊಡಲು ಸ್ಕಾಟ್ಲೆಂಡ್‌ನಲ್ಲಿ 2005ರಿಂದ ಪ್ರತ್ಯೇಕ ಕಾನೂನೇ ಇದೆ. ಆದರೂ ಅವರು ಹೊಡೆತ ತಿನ್ನುವುದು ನಿಂತಿಲ್ಲ. ಫೈನ್ ಹಾಕಲೇಬೇಕು ಅಂತಿದ್ದರೆ ಹೊಡೆಯುವವರಿಗೆ ಹಾಕಲಿ.