ಹಾಸ್ಟೆಲಿನಲ್ಲಿ ಹುಳ ಮೇಯಿಸಿದ್ದು

ನಮ್ಮ ಹಾಸ್ಟೆಲಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರೇ ಹೆಸರು. ಗುಡಿಬಂಡೆ, ಚೇಳೂರು, ಕೈವಾರ, ದಿಬ್ಬೂರಹಳ್ಳಿ. "ಚೇಳೂರು, ನಿನ್ನ ಚೊಂಬು ಎತ್ಕೋ", "ಟೀಚರ್, ಕೈವಾರಕ್ಕೆ ಹೊಟ್ಟೆನೋವು" ಹೀಗೆ. ನಾನು ಸಾದಲಿ. ನಮ್ಮದು ಸಾದಲಿಯಿಂದ ಇನ್ನೂ ಒಳಗಿನ ಹಳ್ಳಿ. ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ, ಹೋಬಳಿಯ ಹೆಸರೇ ಗಟ್ಟಿಯಾಯಿತು. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಸಾದಲಿ, ಸಾದಲಿ" ಅಂತ ಕೂಗಿದರೆ ನನ್ನನ್ನೇ ಕರೆದಂತಾಗಿ ತಿರುಗಿ ನೋಡುತ್ತೇನೆ.

ಶಿಡ್ಲಘಟ್ಟದಲ್ಲಿ ಹೆಣ್ಣುಮಕ್ಕಳ ಒಂದು ಸಣ್ಣ ಶಾಲೆ. ಮುಂದೆ ಶಾಲೆ, ಹಿಂದೆ ಹೆಂಚಿನ ಮನೆಯಲ್ಲಿ ಹಾಸ್ಟೆಲ್. ನಾವು 34 ಹುಡುಗಿಯರು, ಒಬ್ಬರು ದೊಡ್ಡ ಟೀಚರ್, ಒಬ್ಬರು ಅಡುಗೆ ಅಜ್ಜಿ. ಆಗಿನ್ನೂ ಚಿಕ್ಕಬಳ್ಳಾಪುರ ಜಿಲ್ಲೆ ಆಗಿರಲಿಲ್ಲ. ಅದು ಆಗಿದ್ದು 2007ರಲ್ಲಿ. ನಾನು ಹೇಳುತ್ತಿರುವುದು 1994ರ ಮಾತು, ಅಂಚೆ ವಿಳಾಸದಲ್ಲಿ 'ಕೋಲಾರ ಜಿಲ್ಲೆ' ಅಂತಲೇ ಬರೆಯುತ್ತಿದ್ದೆವು. ಬೆಳಿಗ್ಗೆ ಐದಕ್ಕೆ ಗಂಟೆ, ತಣ್ಣೀರು ಸ್ನಾನ, ಮುದ್ದೆ, ನೀರು ಸಾರು, ಶನಿವಾರ ಒಬ್ಬರ ತಲೆ ಒಬ್ಬರು ಹಿಡಿದು ಹೇನು ಹೆಕ್ಕುವುದು. ಇವೆಲ್ಲ ಯಾವ ಹಾಸ್ಟೆಲಿನಲ್ಲಿ ಇರಲಿಲ್ಲ ಹೇಳಿ? ನಮ್ಮಲ್ಲಿ ಮಾತ್ರ ಇದ್ದದ್ದು ವಾಸನೆ. ಪಕ್ಕದ ಬೀದಿಯಲ್ಲಿ ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಮನೆಗಳು. ಗಾಳಿ ಈ ಕಡೆ ತಿರುಗಿದರೆ ಬೆಂದ ಹುಳದ ವಾಸನೆ ಸೀದಾ ಊಟದ ತಟ್ಟೆಗೆ. ಹೊಸದಾಗಿ ಬಂದವರು ವಾರ ಗಟ್ಟಲೆ ಮೂಗು ಮುಚ್ಚಿಕೊಂಡು ಉಣ್ಣುತ್ತಿದ್ದರು. ನನಗೆ ಮಾತ್ರ ಆ ವಾಸನೆ ಬಂದರೆ ಮನೆ ನೆನಪಾಗಿ ಗಂಟಲು ಕಟ್ಟುತ್ತಿತ್ತು.

ನನ್ನನ್ನು ಹಾಸ್ಟೆಲಿಗೆ ಹಾಕಿದ್ದೇ ಹುಳದ ಕಾಟಕ್ಕೆ. ನಮ್ಮದು ರೇಷ್ಮೆ ಮನೆ. ನಡುಮನೆ ತುಂಬ ತಟ್ಟೆ ಸ್ಟ್ಯಾಂಡು, ನಾವೆಲ್ಲ ಮಲಗುವುದು ಜಗಲಿ ಮೇಲೆ. ಹುಳ ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟರಲ್ಲಿ ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು ಸುಮ್ಮನೆ ಕೂತು ಪೊರೆ ಬಿಡುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು ಅವುಗಳ ಹಸಿವನ್ನ! ರಾತ್ರಿ ಹನ್ನೊಂದಕ್ಕೂ ಸೊಪ್ಪು, ಬೆಳಗಿನ ಜಾವಕ್ಕೂ ಸೊಪ್ಪು. ಓದು ಎಲ್ಲಿಂದ ಬರಬೇಕು? "ಇಲ್ಲಿದ್ರೆ ಇವಳು ಸೊಪ್ಪು ಕೊಯ್ಯೋದೇ ಕಲಿತಾಳೆ" ಅಂತ ಅಪ್ಪ ಟ್ರಂಕು ತಂದರು.

ಆದರೆ ಹಾಸ್ಟೆಲಿನಲ್ಲಿ ನನಗೆ ನಿದ್ದೆಯೇ ಬರುತ್ತಿರಲಿಲ್ಲ. ಎಲ್ಲರೂ ಅಮ್ಮನ ನೆನಪು ಅಂತ ಅಳುತ್ತಿದ್ದರು. ನನಗೆ ಕಾಡಿದ್ದು ಸದ್ದು. ದೊಡ್ಡ ಹುಳಗಳು ಸೊಪ್ಪು ತಿನ್ನುವಾಗ ಹೆಂಚಿನ ಮೇಲೆ ಜಡಿಮಳೆ ಹಿಡಿದ ಹಾಗೆ ಸದ್ದು ಬರುತ್ತದೆ. ಹುಟ್ಟಿದಾಗಿನಿಂದ ಅದನ್ನು ಕೇಳುತ್ತಾ ಮಲಗಿದವಳು ನಾನು. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ ಅಂತ ನಾನೂ "ಅಮ್ಮ" ಅಂತಲೇ ಅಳುತ್ತಿದ್ದೆ.

ಎಂಟನೇ ಕ್ಲಾಸಿನ ದಸರಾ ರಜೆ ಮುಗಿಸಿ ವಾಪಸ್ ಹೊರಟಾಗ ಮನೆಯಲ್ಲಿ ಹುಳ ಆಗಷ್ಟೇ ನಾಲ್ಕನೇ ಜ್ವರ ಎದ್ದಿತ್ತು. ಟಿಫನ್ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿ ಚಕ್ಕುಲಿ ಇರಬೇಕಿತ್ತು. ಚಕ್ಕುಲಿ ಬ್ಯಾಗಿಗೆ ಸುರಿದುಕೊಂಡು, ಡಬ್ಬಿಗೆ ಸೊಪ್ಪು ಹಾಸಿ 50 ಹುಳ ಎಣಿಸಿ ಇಟ್ಟುಕೊಂಡೆ. ಬಸ್ಸಿನಲ್ಲಿ ಡಬ್ಬಿ ತೊಡೆ ಮೇಲೆ. ಪಕ್ಕದ ಅಜ್ಜಿ "ಏನವ್ವ, ಘಮ್ ಅಂತೈತೆ, ಸೊಪ್ಪಿನ ಪಲ್ಯನಾ?" ಅಂತ ಕೇಳಿದರು. ಹೂಂ ಅಂದೆ.

ಟ್ರಂಕು ಖಾಲಿ ಮಾಡಿ ಹುಳ ಬಿಟ್ಟೆ. ಇರುವೆ ಬರದ ಹಾಗೆ ನಾಲ್ಕು ಇಟ್ಟಿಗೆ ಮೇಲೆ ಟ್ರಂಕು, ಸುತ್ತ ಒಲೆಯ ಬೂದಿಯ ಗೆರೆ. ಊಜಿ ನೊಣಕ್ಕೆ ಹೆದರಿ ಬಾಯಿಗೆ ಹಳೆ ದಾವಣಿ ಕಟ್ಟಿದೆ. ಈ ನೊಣ ನಮ್ಮ ರಾಜ್ಯಕ್ಕೆ ಬಂದಿದ್ದು 1980ರಲ್ಲಂತೆ. ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋದರೆ ಮರಿ ಒಳಗೇ ಕೊರೆದು ತಿನ್ನುತ್ತದೆ. ಅಪ್ಪ ಆ ನೊಣದ ಹೆಸರನ್ನು ಬೈಗುಳದ ಹಾಗೆ ಹೇಳುತ್ತಿದ್ದರು.

ಗುಟ್ಟು ಎಷ್ಟು ಹೊತ್ತು ನಿಂತೀತು? ರಾತ್ರಿಗೆಲ್ಲ 34 ಜನಕ್ಕೂ ಗೊತ್ತಾಗಿತ್ತು. ಐವತ್ತು ಹುಳದ ಸದ್ದು ಎಷ್ಟು ಮಹಾ? ಹತ್ತಿರ ನಿಂತರೂ ಕೇಳಿಸದು. ಆದರೆ ಟ್ರಂಕಿನ ತಗಡಿಗೆ ಕಿವಿ ಹಚ್ಚಿದರೆ ಸಣ್ಣಗೆ ಚರಚರಚರ. ನಲ್ಲಿ ಮುಂದೆ ನಿಂತ ಹಾಗೆ ಎಲ್ಲರೂ ಸಾಲು ನಿಂತು, ಮಂಡಿ ಊರಿ, ಕಿವಿ ಹಚ್ಚಿ ಹೋದರು. ಚೇಳೂರು ಮಾತ್ರ "ಛೀ, ಪುರುಗುಲು" ಅಂತ ಮುಖ ಕಿವುಚಿದಳು. ಅವಳ ಮನೆಮಾತು ತೆಲುಗು. ಎರಡನೇ ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳೂ ಬಂದು ಕಿವಿ ಇಟ್ಟಿದ್ದನ್ನು ನಾನು ಕಂಡೆ. ಕಾಣದವಳ ಹಾಗೆ ಮಲಗಿದ್ದೆ.

ಸೊಪ್ಪಿಗೆ ಕಾಂಪೌಂಡಿನ ಆಚೆಯ ಹಿಪ್ಪುನೇರಳೆ ತೋಟ ಇತ್ತು. ಕದಿಯುತ್ತಿದ್ದೆವು, ಇನ್ನೇನು. ಸಂಕಟ ಬಂದಿದ್ದು ಸೊಳ್ಳೆ ಬತ್ತಿಯಿಂದ. ಆ ಹೊಗೆ ಹುಳಕ್ಕೆ ವಿಷ. ದಿನಾ ಬತ್ತಿ ಕೊಡಿ ಅಂತ ಜಗಳ ಆಡುವ ನಾವು "ಬೇಡ ಟೀಚರ್, ಈಗ ಸೊಳ್ಳೆ ಕಮ್ಮಿ" ಅಂದೆವು. ಮೈತುಂಬ ದದ್ದು ಇಟ್ಟುಕೊಂಡು ಅಂದ ಈ ಮಾತಿಗೇ ಟೀಚರಿಗೆ ಅನುಮಾನ ಬಂದಿರಬೇಕು.

ಮೇವು ಕೊಡುವ ಕೆಲಸ ಗುಡಿಬಂಡೆಯದು. ಅವಳ ಮನೆಯಲ್ಲೂ ಹುಳ ಇತ್ತು, ಕೈ ಪಳಗಿತ್ತು. ಮೂರನೇ ದಿನ ಅವಳು ದೂರ ಹೋಗಿ ಕೂತಳು. ಹೊರಗಾಗಿದ್ದಳು. ಆ ದಿನಗಳಲ್ಲಿ ಹುಳದ ಮನೆಗೆ ಕಾಲಿಟ್ಟರೆ ಬೆಳೆ ಹಾಳಾಗುತ್ತದೆ ಅಂತ ನಮ್ಮೆಲ್ಲರ ಮನೆಯಲ್ಲೂ ಹೇಳುತ್ತಿದ್ದರು. ಸಾಯಂಕಾಲ ನಮಗೆಲ್ಲ ಸ್ಪೆಷಲ್ ಕ್ಲಾಸು ಬಿತ್ತು. ಬಂದು ನೋಡಿದರೆ ಟ್ರಂಕಿನಲ್ಲಿ ಹೊಸ ಸೊಪ್ಪು. "ಹಸ್ಕೊಂಡು ತಲೆ ಎತ್ತಿದ್ವು ಕಣೇ, ನೋಡಕ್ಕಾಗ್ಲಿಲ್ಲ" ಅಂದಳು ಗುಡಿಬಂಡೆ. ರಾತ್ರಿಯಿಡೀ ಹೆದರಿಕೊಂಡೇ ಇದ್ದೆವು. ಬೆಳಿಗ್ಗೆ ಹುಳ ಇನ್ನೂ ದಪ್ಪಗಾಗಿದ್ದವು. ಅಮ್ಮನಿಗೆ ಇದನ್ನು ಹೇಳಿದ್ದು ಎಷ್ಟೋ ವರ್ಷದ ಮೇಲೆ. ಅಮ್ಮ ನಕ್ಕುಬಿಟ್ಟರು. "ನಮಗೇನು ಗೊತ್ತಿರಲಿಲ್ವೇನೆ? ಆ ಮೂರು ದಿನಾನಾದ್ರೂ ಸೊಪ್ಪು ಹಾಕೋದು ತಪ್ಪುತಿತ್ತಲ್ಲ!"

ನಾಲ್ಕನೇ ರಾತ್ರಿ ದೊಡ್ಡ ಟೀಚರ್ ಟಾರ್ಚ್ ಹಿಡಿದು ಬಂದರು. ಗಲಾಟೆ ಕೇಳಿ ಅಲ್ಲ, ಗಲಾಟೆಯೇ ಇಲ್ಲವಲ್ಲ ಅಂತ. ದಾವಣಿ ಬಿಚ್ಚಿದರು. ಬೆಳಕು ಬಿಟ್ಟರು. ನಾನು ಗೋಡೆಗೆ ಅಂಟಿ ನಿಂತಿದ್ದೆ, ಕಾಲು ನಡುಗುತ್ತಿತ್ತು. ಬಹಳ ಹೊತ್ತು ನೋಡಿ ಅವರು ಕೇಳಿದ್ದು ಒಂದೇ ಮಾತು.

"ಎಷ್ಟನೇ ಜ್ವರ?"

ಹುಳ ಮೇಯಿಸಿದವರ ಬಾಯಲ್ಲಿ ಮಾತ್ರ ಬರುವ ಪ್ರಶ್ನೆ ಇದು. ಬೇರೆಯವರಾಗಿದ್ದರೆ "ಏನಿದು ಗಲೀಜು" ಅನ್ನುತ್ತಿದ್ದರು.

"ನಾಲ್ಕೂ ಎದ್ದಿದೆ ಟೀಚರ್."

"ಹಂಗಾದ್ರೆ ಇನ್ನು ಮೂರು ದಿನಕ್ಕೆ ಹಣ್ಣಾಗುತ್ತೆ. ಸೊಪ್ಪು ಎಲ್ಲಿಂದ?"

ಅದಕ್ಕೆ ಉತ್ತರ ಇರಲಿಲ್ಲ. ಶಿಕ್ಷೆ ತಪ್ಪಲಿಲ್ಲ. ವಾರ ಪೂರ್ತಿ ಕಕ್ಕಸು ತೊಳೆಯುವ ಕೆಲಸ, ಜೊತೆಗೆ ಬೆಳಿಗ್ಗೆ ತೋಟದವರ ಹತ್ತಿರ ಹೋಗಿ ಒಪ್ಪಿಕೊಂಡು ಬರಬೇಕು. ಹೋದೆವು. ಆ ತಾತ ಕುಡುಗೋಲು ಕೆಳಗಿಟ್ಟು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಕದ್ದಿದ್ದು ಗೊತ್ತು ಕಣ್ರಮ್ಮಾ. ಕದಿಯಾದಾದ್ರೂ ಸರಿಯಾಗಿ ಕದೀಬಾರ್ದಾ? ತುದಿ ಚಿಗುರೆಲ್ಲ ಚಿವುಟವ್ರೆ. ಕೊನೇ ಹುಳಕ್ಕೆ ಬಲಿತ ಸೊಪ್ಪು ಹಾಕ್ಬೇಕು" ಅಂತ ತಾವೇ ಒಂದು ಹೊರೆ ಕೊಯ್ದು ಕೊಟ್ಟರು. ರೇಷ್ಮೆ ಸೀಮೆಯಲ್ಲಿ ಕಳ್ಳತನಕ್ಕಿಂತ ತಪ್ಪು ಸೊಪ್ಪು ಹಾಕುವುದೇ ದೊಡ್ಡ ಅಪರಾಧ ಅಂತ ಅವತ್ತು ಗೊತ್ತಾಯಿತು.

ಟೀಚರ್ ಹೇಳಿದ ದಿನಕ್ಕೇ ಹುಳ ಹಣ್ಣಾದವು. ಮೈ ಜೇನಿನ ಬಣ್ಣಕ್ಕೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಪಾರದರ್ಶಕ. ತಿನ್ನುವುದು ಬಿಟ್ಟು ತಲೆ ಆಡಿಸುತ್ತಾ ಜಾಗ ಹುಡುಕುತ್ತವೆ. ಮನೆಯಲ್ಲಾದರೆ ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡುತ್ತಾರೆ. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಒಂದು ಹಳೆ ಪೊರಕೆ ಬಿಚ್ಚಿ ಕಡ್ಡಿ ಹರಡಿದೆ. ಅರ್ಧ ಹುಳ ಒಪ್ಪಿದವು, ಇನ್ನರ್ಧ ರಾತ್ರೋರಾತ್ರಿ ಟ್ರಂಕು ಹತ್ತಿ ಇಳಿದು ಊರು ಸುತ್ತಿದವು. ಬೆಳಿಗ್ಗೆ ಎದ್ದು ನೋಡಿದರೆ ಕೈವಾರದ ಜಡೆ ಟೇಪಿನಲ್ಲಿ ಒಂದು, ಸಮಾಜ ಪುಸ್ತಕದ ಬೆನ್ನಿನಲ್ಲಿ ಎರಡು, ಗೋಡೆಯ ಮೊಳೆಗೆ ನೇತುಹಾಕಿದ್ದ ಲಂಗದ ನೆರಿಗೆಯಲ್ಲಿ ಸಾಲಾಗಿ ಐದು. ತೆಳ್ಳನೆ ಹಳದಿ ಪರದೆಯ ಹಿಂದೆ ಹುಳ ಇನ್ನೂ ಎಂಟು ಬರೆಯುತ್ತಾ ನೂಲು ಸುತ್ತುತ್ತಿತ್ತು. ಆ ಲಂಗದ ಹುಡುಗಿ ದಿಬ್ಬೂರಹಳ್ಳಿ, ಐದು ದಿನ ಬೇರೆಯವರ ಲಂಗ ಉಟ್ಟುಕೊಂಡು ಓಡಾಡಿದಳು. ಕೀಳಲು ಬಿಡಲಿಲ್ಲ.

ನಮ್ಮ ಹುಳದ ಅಕ್ಕತಂಗಿಯರೇ ತಾನೆ ಮನೆಯಲ್ಲಿ ಇದ್ದದ್ದು. ಹಾಗಾಗಿ ಅಪ್ಪನೂ ಅದೇ ಶನಿವಾರ ಮೂಟೆ ಹೊತ್ತುಕೊಂಡು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಬಂದರು. ಮಾರಿ ದುಡ್ಡು ಕೈಗೆ ಬಂದ ಮೇಲೆಯೇ ಅವರು ಹಾಸ್ಟೆಲ್ ಕಡೆ ಬರುವುದು. ರೇಟು ಬಿದ್ದ ದಿನ ಬರುತ್ತಿರಲಿಲ್ಲ. ಎಷ್ಟೋ ಸಲ ಗೇಟಿನ ಹತ್ತಿರ ಕಾದು ಕಾದು, ಅಪ್ಪ ಬರಲಿಲ್ಲ ಅಂದರೆ ಮಾರ್ಕೆಟ್ ಬಿದ್ದಿದೆ ಅಂತ ನಾನೇ ಲೆಕ್ಕ ಹಾಕಿಕೊಂಡು ಒಳಗೆ ಹೋಗಿದ್ದೇನೆ. ಅವತ್ತು ಬಂದರು. ಬಾಳೆಹಣ್ಣು, ಖಾರಾ ತಂದಿದ್ದರು. ಅಂಗಿಯ ತುಂಬ ಗೂಡಿನ ಎಳೆ.

ನಾನು ಪೇಪರ್ ಪೊಟ್ಟಣ ಕೊಟ್ಟೆ. ನಾಲ್ಕು ಹುಳ ಸತ್ತಿದ್ದವು, ಮೂರು ಗೂಡು ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಉಳಿದದ್ದು 43. ಅಪ್ಪ ಬೈಯುತ್ತಾರೆ ಅಂದುಕೊಂಡಿದ್ದೆ. ಒಂದು ಗೂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಹೆಬ್ಬೆರಳಲ್ಲಿ ಒತ್ತಿ ನೋಡಿದರು.

"ಗಟ್ಟಿ ಐತೆ. ನಮ್ಮ ಲಾಟಿಗಿಂತ ವಾಸಿ." ಆಮೇಲೆ ಕೈಬೆರಳಲ್ಲಿ ಲೆಕ್ಕ. "ಕೆಜಿಗೆ ಆರ್ನೂರು ಗೂಡು ಹಿಡಿ. ಇದು ಎಪ್ಪತ್ತು ಗ್ರಾಂ. ಇವತ್ತು ನೂರರ ಮೇಲೆ ಹೋಯ್ತು. ತಗೋ, ಏಳು ರೂಪಾಯಿ."

ನಿಜವಾಗಿಯೂ ಎಣಿಸಿ ಕೊಟ್ಟರು. ಐದರ ಒಂದು ನೋಟು, ಒಂದರ ಎರಡು ನಾಣ್ಯ. ನಾಲ್ಕಾಣೆಗೆ ಒಂದು ಕಡಲೆ ಮಿಠಾಯಿ, 28 ಬಂದವು. 34 ಜನಕ್ಕೆ ಅದನ್ನು ಹಂಚುವಾಗ ಆದ ಜಗಳ ಬೇರೆಯೇ ಕಥೆ, ಅದು ಬೇಡ ಬಿಡಿ.

ಆ ಮೂರು ಗೂಡಿನಲ್ಲಿ ಎರಡು ಕೊನೆಗೂ ಸಿಗಲಿಲ್ಲ. ಒಂದರ ಪತ್ತೆ ಆದದ್ದು ಮುಂದಿನ ವಾರ, ಲೆಕ್ಕದ ಕ್ಲಾಸಿನಲ್ಲಿ. ಮೇಷ್ಟ್ರು ಬೋರ್ಡಿನ ಮೇಲೆ ವೃತ್ತ ಎಳೆಯುತ್ತಿದ್ದರು. ಚೇಳೂರು ಕಂಪಾಸ್ ತೆಗೆಯಲು ಜಾಮಿಟ್ರಿ ಬಾಕ್ಸಿನ ಮುಚ್ಚಳ ಎತ್ತಿದಳು. ಒಳಗೆ ತೂತು ಬಿದ್ದ ಹಳದಿ ಗೂಡು, ಪಕ್ಕದಲ್ಲಿ ಬಿಳಿ ಚಿಟ್ಟೆ, ರೆಕ್ಕೆ ಪಟಪಟ ಬಡಿಯುತ್ತಾ ಅಳತೆಪಟ್ಟಿಯ ಮೇಲೆ ನಡೆದು ಬರುತ್ತಿತ್ತು. ಗೂಡಿನ ಕೆಳಗೆ ಹತ್ತಿ ಹಾಸಿತ್ತು. ಕಳೆದುಹೋದದ್ದಲ್ಲ, ಜೋಪಾನ ಮಾಡಿ ಇಟ್ಟದ್ದು. ಒಳಗಿಂದ ಚಿಟ್ಟೆ ಬರುತ್ತದೆ ಅಂತ ಪಾಪ ಅವಳಿಗೆ ಯಾರೂ ಹೇಳಿರಲಿಲ್ಲ.

"ಅಮ್ಮೋ!" ಅಂತ ಕಿರುಚಿದಳು.

"ಏನಮ್ಮ ಅದು? ಯಾರದು?" ಅಂದರು ಮೇಷ್ಟ್ರು.

ಚೇಳೂರು ನನ್ನ ಕಡೆ ನೋಡಿದಳು. ನಾನು ಬೋರ್ಡಿನ ಕಡೆ ನೋಡಿದೆ.