ಕೀ ತೆಗೆದರೂ ನಿಲ್ಲದ ಬೆಂಜ್

ಕೀ ತಿರುಗಿಸಿ ಹೊರಗೆ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದೆ. ಎಂಜಿನ್ ಮಾತ್ರ ತನ್ನ ಪಾಡಿಗೆ ಗಡಗಡ ಎನ್ನುತ್ತಲೇ ಇತ್ತು. ಕಾರಿನ ಮಾಲೀಕರು ಗಾಬರಿಯಿಂದ ನನ್ನ ಮುಖ ನೋಡಿದರು. ನಾನು ಬಾನೆಟ್ ಎತ್ತಿ, ಒಳಗೆ ‘ಸ್ಟಾಪ್’ ಎಂದು ಬರೆದಿರುವ ಸಣ್ಣ ಲಿವರನ್ನು ಒತ್ತಿ ಹಿಡಿದೆ. ಎಂಜಿನ್ ಒಮ್ಮೆ ಮೈ ಕೊಡವಿ ಸುಮ್ಮನಾಯಿತು. “ದೊಡ್ಡ ವಿಷಯವೇನಲ್ಲ ಸರ್, ಒಂದು ವಾಲ್ವ್ ಬದಲಾಯಿಸಿದರೆ ಆಯಿತು” ಎಂದೆ. ಆ ಒಂದು ಮಾತಿಗೆ ಎರಡು ವಾಲ್ವ್‌ಗಳ ಹಣವನ್ನೂ ಹನ್ನೆರಡು ದಿನಗಳನ್ನೂ ತೆತ್ತೆ.

ಹದಿನಾಲ್ಕು ವರ್ಷ ಸರ್ವಿಸ್ ಸ್ಟೇಷನ್ನಿನಲ್ಲಿ ದುಡಿದು ಬಿಟ್ಟವನು ನಾನು. ಈಗ ಮಂಗಳೂರಿನ ಹೊರವಲಯದಲ್ಲಿ ನಮ್ಮ ಮನೆಯ ಹಿಂದೆ, ಹಿಂದೊಮ್ಮೆ ದನದ ಹಟ್ಟಿಯಾಗಿದ್ದ ಜಾಗದಲ್ಲಿ ಹಳೆಯ ಕಾರುಗಳ ಕೆಲಸ ಮಾಡುತ್ತೇನೆ. ಒಂದು ಸಲಕ್ಕೆ ಒಂದೇ ಕಾರು ಹಿಡಿಸುತ್ತದೆ. ಲಿಫ್ಟ್ ಇಲ್ಲ, ಟ್ರಾಲಿ ಜಾಕ್, ನಾಲ್ಕು ಸ್ಟ್ಯಾಂಡ್, ಒಂದು ಕಂಪ್ರೆಸರ್, ಮತ್ತು ಐಟಿಐ ಮುಗಿಸಿ ಬಂದ ಒಬ್ಬ ಹುಡುಗ. ಹಟ್ಟಿಯ ಕಲ್ಲಿನ ಮರಿಗೆ ಇನ್ನೂ ಅಲ್ಲೇ ಇದೆ. ಅದರಲ್ಲಿ ಬಿಡಿಭಾಗಗಳನ್ನು ಡೀಸೆಲ್‌ನಲ್ಲಿ ನೆನೆಹಾಕುತ್ತೇವೆ.

ಬಂದ ಕಾರು 1982ರ ಮರ್ಸಿಡಿಸ್ ಬೆಂಜ್ 300ಡಿ. ಮಾಲೀಕರ ತಂದೆ ನೈರೋಬಿಯಲ್ಲಿ ಕೆಲಸದಲ್ಲಿದ್ದವರು. ಊರಿಗೆ ಮರಳುವಾಗ ಹಡಗಿನಲ್ಲಿ ತಂದದ್ದು. ಅಲ್ಲಿಯೂ ನಮ್ಮಂತೆಯೇ ಎಡಬದಿಯ ಸಂಚಾರ, ಆದ್ದರಿಂದ ಸ್ಟೀರಿಂಗ್ ಬಲಕ್ಕೇ ಇತ್ತು. ತಂದೆ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಟಾರ್ಪಾಲಿನ ಕೆಳಗೆ ನಿಂತಿತ್ತು. ಮಗ ನಿವೃತ್ತ ಉಪನ್ಯಾಸಕರು. ಒಂದು ಹಾಳೆಯಲ್ಲಿ ಅಂಕಿ ಹಾಕಿ ಒಂಬತ್ತು ದೂರುಗಳನ್ನು ಬರೆದುಕೊಂಡು ಬಂದಿದ್ದರು. ಆ ಹಾಳೆಯನ್ನು ನಾನು ಸರಿಯಾಗಿ ಓದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಡಬ್ಲ್ಯು 123 ಎಂಬ ಸಂಕೇತದ ಈ ಮಾದರಿ 1976ರಿಂದ 1986ರವರೆಗೆ ಸುಮಾರು 27 ಲಕ್ಷ ತಯಾರಾಯಿತು. ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ, ಆಫ್ರಿಕಾದ ಮಣ್ಣುರಸ್ತೆಗಳಲ್ಲಿ ಬಾಡಿಗೆ ಬಂಡಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಹೆಸರು ಗಳಿಸಿತು. 300ಡಿಯಲ್ಲಿರುವುದು ಐದು ಸಿಲಿಂಡರಿನ ಮೂರು ಲೀಟರ್ ಡೀಸೆಲ್ ಎಂಜಿನ್, ಶಕ್ತಿ ಬರೀ 88 ಅಶ್ವಶಕ್ತಿ. ಇಂದಿನ ಸಣ್ಣ ಕಾರು ಸಿಗ್ನಲ್‌ನಲ್ಲಿ ಇದನ್ನು ನಾಚಿಸುತ್ತದೆ. ಆದರೆ ಈ ಎಂಜಿನ್‌ಗೆ ಸಾವಿಲ್ಲ ಎಂದು ನಮ್ಮ ಕಸುಬಿನವರು ಹೇಳುವುದುಂಟು. ಆ ಮಾತನ್ನು ನಂಬಿದವನಂತೆ ನಾನೂ ಎಂಜಿನ್ನಿನ ಸುತ್ತಲೇ ಗಿರಕಿ ಹೊಡೆದೆ.

ಮೊದಲ ವಾರ ಚೆನ್ನಾಗಿಯೇ ಹೋಯಿತು. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ನೇರವಾಗಿ ಸೆಲ್ಫ್ ಹೊಡೆಯಬಾರದು. ಕ್ರ್ಯಾಂಕ್ ಬೋಲ್ಟಿಗೆ 27ರ ಸಾಕೆಟ್ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿದೆವು, ಎಲ್ಲಿಯೂ ಹಿಡಿದುಕೊಳ್ಳಲಿಲ್ಲ. ಟ್ಯಾಂಕಿನ ತಳದ ಜಾಲರಿ ಬಿಚ್ಚಲು 46ರ ಸಾಕೆಟ್ ಬೇಕು. ಅದು ನನ್ನಲ್ಲಿರಲಿಲ್ಲ, ಲಾರಿ ಗ್ಯಾರೇಜಿನಿಂದ ಸಾಲ ತಂದೆ. ಜಾಲರಿಯ ಮೇಲೆ ಕಪ್ಪು ಲೋಳೆ ಕಟ್ಟಿತ್ತು. ಎರಡೂ ಫಿಲ್ಟರ್ ಬದಲಾಯಿಸಿ, ಎಂಜಿನ್ನಿನ ಒಳಗಿನ ವಾಲ್ವ್‌ಗಳ ಸಂದು ಹೊಂದಿಸಿ, ಕೈಪಂಪಿನಿಂದ ಡೀಸೆಲ್ ಎಳೆದು ಗಾಳಿ ಬಿಡಿಸಿದಾಗ ಐದನೆಯ ಸಲಕ್ಕೆ ಎಂಜಿನ್ ಹೊತ್ತಿಕೊಂಡಿತು. ಉಪನ್ಯಾಸಕರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಬಂದದ್ದೇ ಈ ನಿಲ್ಲದ ರೋಗ.

ಕಾರಣ ತಿಳಿಯಬೇಕಾದರೆ ಒಂದು ಸಂಗತಿ ಹೇಳಬೇಕು. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕು, ಕೀ ತಿರುಗಿಸಿ ಕರೆಂಟ್ ತಪ್ಪಿಸಿದರೆ ನಿಲ್ಲುತ್ತದೆ. ಈ ಹಳೆಯ ಡೀಸೆಲ್‌ಗೆ ಒಮ್ಮೆ ಹೊತ್ತಿಕೊಂಡ ಮೇಲೆ ಕರೆಂಟಿನ ಹಂಗೇ ಇಲ್ಲ. ಇಂಧನ ಸಿಗುತ್ತಿರುವವರೆಗೂ ಓಡುತ್ತದೆ. ಅದನ್ನು ನಿಲ್ಲಿಸಲು ಜರ್ಮನ್ನರು ವ್ಯಾಕ್ಯೂಮ್, ಅಂದರೆ ನಿರ್ವಾತದ ಎಳೆತವನ್ನು ಹಿಡಿದರು. ಎಂಜಿನ್ನಿನ ಮುಂಬದಿಯಲ್ಲಿ ಗಾಳಿ ಎಳೆಯುವ ಒಂದು ಪಂಪ್ ಇದೆ. ಕೀ ಆಫ್ ಮಾಡಿದಾಗ ಆ ಎಳೆತ ಸಣ್ಣ ಕೊಳವೆಯ ಮೂಲಕ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಷನ್ ಪಂಪಿನ ಹಿಂಬದಿಯ ವಾಲ್ವನ್ನು ತಲುಪುತ್ತದೆ, ವಾಲ್ವ್ ಇಂಧನವನ್ನು ತಡೆಯುತ್ತದೆ. ಬ್ರೇಕ್ ಪೆಡಲಿಗೆ ಬಲ ಕೂಡಿಸುವ ಬೂಸ್ಟರ್‌ಗೂ ಇದೇ ಪಂಪ್. ನಾಲ್ಕು ಬಾಗಿಲುಗಳ ಸೆಂಟ್ರಲ್ ಲಾಕ್, ಡಿಕ್ಕಿ, ಡೀಸೆಲ್ ಮುಚ್ಚಳದ ಲಾಕ್‌ಗೂ ಇದೇ. ಒಂದೇ ಬಾವಿಯಿಂದ ಇಡೀ ಕೇರಿಗೆ ನೀರು ಹೋದ ಹಾಗೆ.

ನಾನು ಮಾಡಿದ್ದೇನು? ನಿಲ್ಲಿಸುವ ವಾಲ್ವ್ ಕೆಟ್ಟಿದೆ ಎಂದು ತೀರ್ಮಾನಿಸಿ, ಕೈ ಹೋಗದ ಆ ಮೂಲೆಯಲ್ಲಿ ಅರ್ಧ ದಿನ ಬೆರಳು ಸುಲಿಸಿಕೊಂಡು ಹಳೆಯದನ್ನು ಬಿಚ್ಚಿ, ಹೇಗೋ ಸಂಪಾದಿಸಿದ ಇನ್ನೊಂದು ಹಳೆಯ ವಾಲ್ವ್ ಹಾಕಿದೆ. ಎಂಜಿನ್ ನಿಲ್ಲಲಿಲ್ಲ. ‘ಹಳೆಯದು ತಂದರೆ ಹೀಗೇ’ ಎಂದು ಹೊಸದನ್ನು ತರಿಸಿದೆ, ಎಂಟು ದಿನ ಕಾದೆ. ಅದನ್ನು ಹಾಕಿದರೂ ನಿಲ್ಲಲಿಲ್ಲ.

ಆಗ ಹುಡುಗ, ದೂರಿನ ಹಾಳೆ ಹಿಡಿದುಕೊಂಡು, “ಅಣ್ಣ, ಏಳನೆಯದರಲ್ಲಿ ಹಿಂದಿನ ಎಡ ಬಾಗಿಲಿನ ಲಾಕ್ ಏಳುವುದಿಲ್ಲ ಎಂದು ಬರೆದಿದ್ದಾರೆ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದೇ?” ಎಂದ. ಇದೇ ಪ್ರಶ್ನೆಯನ್ನು ಅವನು ಈ ರೋಗ ಕಂಡ ಮೊದಲ ದಿನವೂ ಕೇಳಿದ್ದ. “ಲಾಕ್ ಕೊನೆಗೆ ನೋಡಿಕೊಳ್ಳೋಣ” ಎಂದು ನಾನೇ ಬಾಯಿ ಮುಚ್ಚಿಸಿದ್ದೆ. ಒಂಬತ್ತು ದೂರುಗಳನ್ನು ನಾನು ಮನಸ್ಸಿನಲ್ಲೇ ಬೆಲೆಯ ಪ್ರಕಾರ ಜೋಡಿಸಿಬಿಟ್ಟಿದ್ದೆ: ಎಂಜಿನ್ ಮೇಲೆ, ಬ್ರೇಕ್ ಆಮೇಲೆ, ಬಾಗಿಲಿನ ಲಾಕ್ ತೀರಾ ಕೆಳಗೆ. ಸರ್ವಿಸ್ ಸ್ಟೇಷನ್ನಿನಲ್ಲಿ ಬಿಲ್ ಮಾಡುವ ಕ್ರಮ ಅದು. ರೋಗ ಹುಡುಕುವ ಕ್ರಮವಲ್ಲ.

ಬಾನೆಟ್ ಕೆಳಗೆ ಲಾಕ್‌ಗಳ ಕಡೆಗೆ ಹೋಗುವ ಹಳದಿ ಕೊಳವೆಯನ್ನು ಕಳಚಿ, ಅದರ ಬಾಯಿಗೆ ಒಂದು ಸ್ಕ್ರೂ ತುರುಕಿ ಬಿಗಿದೆವು. ಕೀ ಆಫ್ ಮಾಡಿದ ಕೂಡಲೇ ಎಂಜಿನ್ ನಿಂತಿತು. ಪಂಪಿನ ಎಳೆತ ಲಾಕ್‌ಗಳ ಕಡೆಯಲ್ಲೇ ಸೋರಿಹೋಗುತ್ತಿತ್ತು, ವಾಲ್ವನ್ನು ತಲುಪುತ್ತಿರಲಿಲ್ಲ. ಎರಡು ನಿಮಿಷದ ಕೆಲಸ. ಹುಡುಗ ಏನೂ ಹೇಳಲಿಲ್ಲ, ಅವನ ಆ ಮೌನ ಬಿಲ್ಲಿಗಿಂತ ಭಾರವಾಗಿತ್ತು.

ಮೀಟರ್ ಇರುವ ವ್ಯಾಕ್ಯೂಮ್ ಕೈಪಂಪ್ ತಂದು ಒಂದೊಂದೇ ಬಾಗಿಲನ್ನು ಪರೀಕ್ಷಿಸಿದೆವು. ಹಿಂದಿನ ಎಡ ಬಾಗಿಲಿನ ಒಳಗಿದ್ದ ರಬ್ಬರ್ ಪೊರೆ ಹರಿದಿತ್ತು. ಡೀಸೆಲ್ ಮುಚ್ಚಳದ್ದೂ ಹಾಗೇ. ಬಾಗಿಲು ತೆರೆದು ಮುಚ್ಚುವಾಗ ಮಡಚಿಕೊಳ್ಳುವ ಜಾಗದಲ್ಲಿ ಕೊಳವೆ ಸೀಳಿತ್ತು. ಕೊಳವೆಗಳನ್ನು ಕೂಡಿಸುವ ಬೆರಳುದ್ದದ ರಬ್ಬರ್ ತುಂಡುಗಳಂತೂ ಹಿಚುಕಿದರೆ ಹಳೆಯ ಹಪ್ಪಳದಂತೆ ಮುರಿಯುತ್ತಿದ್ದವು. ಅಂಥ ಒಂದು ತುಂಡಿನ ಬೆಲೆಗೆ ಒಂದು ಕಾಫಿಯೂ ಬರುವುದಿಲ್ಲ.

ಅಲ್ಲಿಂದ ಮುಂದೆ ಕಾರನ್ನು ನೋಡುವ ಕಣ್ಣೇ ಬೇರೆಯಾಯಿತು. ಓಡಿ ಸವೆದ ಕಾರಿಗಿಂತ ನಿಂತು ಕೆಟ್ಟ ಕಾರು ಕಷ್ಟ. ಓಡಿದ ಕಾರಿನಲ್ಲಿ ಕಬ್ಬಿಣ ಸವೆಯುತ್ತದೆ, ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳಿಸುತ್ತದೆ. ನಿಂತ ಕಾರಿನಲ್ಲಿ ರಬ್ಬರ್ ಸದ್ದಿಲ್ಲದೆ ಸಾಯುತ್ತದೆ. ಬ್ರೇಕನ್ನೇ ನೋಡಿ: ಚಕ್ರಕ್ಕೆ ಪ್ಯಾಡ್ ಒತ್ತುವ ಕ್ಯಾಲಿಪರ್ ಬಿಚ್ಚಿ ಹೊಸ ಸೀಲ್ ಹಾಕಿದ ಮೇಲೂ ಮುಂದಿನ ಬಲ ಚಕ್ರ ಮೂರು ಕಿಲೋಮೀಟರಿಗೇ ಸುಡುತ್ತಿತ್ತು. ಬ್ರೇಕ್ ಹೋಸ್ ಹೊರಗಿನಿಂದ ಹೊಸದರಂತಿತ್ತು, ಒಳಗೆ ಊದಿಕೊಂಡು ರಂಧ್ರ ಸೂಜಿಯಷ್ಟಾಗಿತ್ತು. ಪೆಡಲ್ ತುಳಿದಾಗ ಒತ್ತಡದಿಂದ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸು ಬರುವುದಿಲ್ಲ. ಪ್ಯಾಡ್ ಹಿಡಿದೇ ಇರುತ್ತದೆ. ನಾಲ್ಕನೆಯ ದೂರು ‘ಗಾಡಿ ಭಾರ ಎಳೆದ ಹಾಗೆ ಆಗುತ್ತದೆ’ ಎಂದಿತ್ತು. ಅದನ್ನು ನಾನು ಎಂಜಿನ್ನಿನ ಲೆಕ್ಕಕ್ಕೆ ಬರೆದಿದ್ದೆ.

ಐವತ್ತರ ವೇಗದಲ್ಲಿ ನಡುಗುತ್ತಿದ್ದುದಕ್ಕೆ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ರಬ್ಬರ್ ಕಪ್ಲಿಂಗ್ ಬಿರಿದದ್ದು ಕಾರಣ. ಇಂಜೆಕ್ಟರ್‌ಗಳ ನಡುವಿನ ಬಟ್ಟೆ ಸುತ್ತಿದ ಸಣ್ಣ ಕೊಳವೆಗಳು ಡೀಸೆಲ್ ಜಿನುಗಿಸುತ್ತಿದ್ದವು. ಟೈರುಗಳ ಹಲ್ಲು ಹೊಸದಿದ್ದಂತೆಯೇ ಇತ್ತು. ಆದರೆ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ಅಂಕಿ ತಯಾರಾದ ವಾರವನ್ನು, ಉಳಿದೆರಡು ವರ್ಷವನ್ನು ಹೇಳುತ್ತವೆ. ಓದಿದ ಮೇಲೆ ಸ್ಟೆಪ್ನಿ ಸೇರಿ ಐದನ್ನೂ ತೆಗೆದುಹಾಕಿದೆವು.

ತುಕ್ಕಿನ ಕಥೆಗೂ ರಬ್ಬರೇ ಬಾಗಿಲು. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಗಟ್ಟಿಯಾಗಿ, ನಮ್ಮ ಕರಾವಳಿಯ ಮಳೆ ಹನ್ನೊಂದು ವರ್ಷ ಅದರ ಅಂಚಿನಿಂದ ಒಳಗಿಳಿದಿದೆ. ಕಾರ್ಪೆಟ್ಟಿನ ಕೆಳಗಿನ ದಪ್ಪ ಹಾಸು ನೀರು ಕುಡಿದು ಒದ್ದೆ ಗೋಣಿಯಾಗಿತ್ತು. ಅದನ್ನು ಎತ್ತಿದಾಗ ಚಾಲಕನ ಕಾಲ ಬುಡದಲ್ಲಿ ನೆಲ ಕಂಡಿತು, ಕಾರಿನದ್ದಲ್ಲ, ಹಟ್ಟಿಯದ್ದು. ತಗಡು ಕತ್ತರಿಸಿ ಹೊಸ ತುಂಡು ವೆಲ್ಡಿಂಗ್ ಮಾಡಿಸಲು ಆರು ದಿನ ಹಿಡಿಯಿತು. ಪುಟ್ಟಿ ಮೆತ್ತಿ ಬಣ್ಣ ಬಳಿದರೆ ಒಂದೇ ದಿನ ಸಾಕು, ಅಂಥವರೂ ಇದ್ದಾರೆ.

ಬಿಡಿಭಾಗ ತರಿಸುವಾಗ ಇನ್ನೊಂದು ಪೆಟ್ಟು ತಿಂದೆ. ‘ಹಳೆಯ ಬೆಂಜ್ ಡೀಸೆಲ್’ ಎಂದು ಫೋನಿನಲ್ಲಿ ಹೇಳಿದ್ದಕ್ಕೆ ಮಾರಾಟಗಾರನೊಬ್ಬ ಕಳುಹಿಸಿದ, ಎಂಜಿನ್ ಕೂರಿಸುವ ಮೌಂಟ್ ಮುಂದಿನ ಮಾದರಿಯದ್ದು. ಬೆಂಜ್‌ನ ಬಿಡಿಭಾಗದ ಸಂಖ್ಯೆಯಲ್ಲಿ ‘ಎ’ ಅಕ್ಷರದ ನಂತರದ ಮೂರು ಅಂಕಿಗಳೇ ಊರು ಹೇಳುತ್ತವೆ: 123 ಎಂದರೆ ಈ ಕಾರಿಗಾಗಿ ಮಾಡಿದ್ದು, 617 ಎಂದರೆ ಈ ಎಂಜಿನ್ನಿಗೆ. ಈಗ ಸಂಖ್ಯೆ ಬರೆದು ಕಳುಹಿಸದೆ ಏನನ್ನೂ ತರಿಸುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಿಗೆ ಹೋಗುವಾಗಲೂ ಹಳೆಯ ತುಂಡನ್ನು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇನೆ.

ಬಿಲ್ ಬರೆಯುವ ದಿನ ಕಷ್ಟವಾಯಿತು. ಬೇಡದ ಎರಡು ವಾಲ್ವ್‌ಗಳಲ್ಲಿ ಹೊಸದು ಕಾರಿನಲ್ಲೇ ಇದೆ, ಕೆಲಸವೂ ಮಾಡುತ್ತಿದೆ. ಸೇರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೇರಿಸಲಿಲ್ಲ. ಕಳಚಿದ ಹಳೆಯ ವಾಲ್ವನ್ನು ಕೈಗೆ ಕೊಟ್ಟು, “ಇದು ಸರಿಯಾಗಿಯೇ ಇತ್ತು ಸರ್, ತಪ್ಪು ನನ್ನದು” ಎಂದೆ. ಅವರು ಅದನ್ನು ಅತ್ತಿತ್ತ ತಿರುಗಿಸಿ ನೋಡಿ, “ಉತ್ತರಪತ್ರಿಕೆ ತಿದ್ದುವಾಗ ನಾನೂ ಹೀಗೆ ಮಾಡಿದ್ದೇನೆ. ಮೊದಲ ಪುಟ ನೋಡಿಯೇ ಅಂಕ ಹಾಕಿಬಿಡುವುದು” ಎಂದು ನಕ್ಕರು.

ಈಗ ದೂರಿನ ಹಾಳೆಯನ್ನು ಹುಡುಗನೇ ಗಟ್ಟಿಯಾಗಿ ಓದುತ್ತಾನೆ, ನಾನು ಕೈ ಕಟ್ಟಿಕೊಂಡು ಕೇಳುತ್ತೇನೆ. ಕೊನೆಯ ಸಾಲು ಮುಗಿಯುವವರೆಗೆ ಇಬ್ಬರೂ ಸ್ಪ್ಯಾನರ್ ಮುಟ್ಟುವಂತಿಲ್ಲ.

ಎರಡು ವಾರ ಕಳೆದ ಮೇಲೆ ಉಪನ್ಯಾಸಕರು ಫೋನ್ ಮಾಡಿದರು. ಎಂಜಿನ್ ಕೀಗೆ ಸರಿಯಾಗಿ ನಿಲ್ಲುತ್ತಿದೆ, ಆದರೆ ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದೇ ಬಾಗಿಲನ್ನು ತೆರೆಯುತ್ತದೆ, ಉಳಿದವು ಅಲುಗುವುದಿಲ್ಲ ಎಂದರು. ಎಲ್ಲೋ ಇನ್ನೂ ಸಣ್ಣದಾಗಿ ಸೋರುತ್ತಿದೆ. ಹುಡುಗ ಆಗಲೇ ಕೈಪಂಪ್ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಹಿಂದಿನ ಸೀಟಿನ ಕೆಳಗೆ ನಾವು ನೋಡದೆ ಬಿಟ್ಟ ಹಳೆಯ ರಬ್ಬರ್ ತುಂಡೊಂದು ಉಳಿದಿತ್ತು.