ಗೋಡೆಯ ಮೇಲೆ ತಲೆಕೆಳಗಾದ ಗೋಲಗುಮ್ಮಟ

ವಿಜಯಪುರದ ನಮ್ಮ ಮನೆಯ ಮಹಡಿಯಲ್ಲಿ, ಒಂದೇ ಕಿಟಕಿ ತೆರೆದಿದ್ದ ಕತ್ತಲೆ ಕೋಣೆಯೊಳಗೆ, ಅಜ್ಜನ ಚಾಳೀಸನ್ನು ಸುಣ್ಣದ ಗೋಡೆಯಿಂದ 40 ಸೆಂ.ಮೀ. ದೂರದಲ್ಲಿ ಹಿಡಿದಾಗ, ಸುಮಾರು ಒಂದು ಕಿಲೋಮೀಟರ್ ಆಚೆಗಿರುವ ಗೋಲಗುಮ್ಮಟ ಬಣ್ಣಸಮೇತ ತಲೆಕೆಳಗಾಗಿ ಮೂಡಿತು. ಸುಮಾರು 44 ಮೀಟರ್ ಅಗಲದ ಗುಮ್ಮಟ ಅಲ್ಲಿ 2 ಸೆಂ.ಮೀ.ಗಿಂತ ತುಸು ಚಿಕ್ಕದಾಗಿತ್ತು.

ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವ ಬೆಳಕಿನ ವೇಗ ಗಾಜಿನೊಳಗೆ ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ; ಗಾಜನ್ನು ಓರೆಯಾಗಿ ತಾಕಿದ ಕಿರಣ ಈ ಕಾರಣದಿಂದಲೇ ದಿಕ್ಕು ಬದಲಿಸುತ್ತದೆ. ಚಾಳೀಸಿನ ಗಾಜು ಪೀನಮಸೂರ, ಅಂದರೆ ನಡುವೆ ದಪ್ಪ, ಅಂಚಿನಲ್ಲಿ ತೆಳು; ಅಂಚಿನತ್ತ ಹೋದಂತೆ ಅದರ ಮೈಯ ಓರೆ ಹೆಚ್ಚುವುದರಿಂದ ಅಲ್ಲಿ ಕಿರಣ ಹೆಚ್ಚು ಬಾಗುತ್ತದೆ, ನಡುವೆ ಬಹುತೇಕ ನೇರವಾಗಿ ದಾಟುತ್ತದೆ. ಹೀಗೆ ಗುಮ್ಮಟದ ಒಂದು ಬಿಂದುವಿನಿಂದ ಹೊರಟು ಮಸೂರವನ್ನು ತಲುಪಿದ ಕಿರಣಗಳೆಲ್ಲ ಗೋಡೆಯ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಮೇಲಿನಿಂದ ಬಂದವು ಕೆಳಗೆ, ಎಡದಿಂದ ಬಂದವು ಬಲಕ್ಕೆ ಸೇರುತ್ತವೆ.

ನನ್ನನ್ನು ಅತ್ಯಂತ ಬೆರಗುಗೊಳಿಸಿದ್ದು ಬೇರೆಯೇ ಸಂಗತಿ. ಮಸೂರದ ಅರ್ಧವನ್ನು ಬೆರಳಿನಿಂದ ಮುಚ್ಚಿದರೆ ಗುಮ್ಮಟವೂ ಅರ್ಧವಾಗುವುದೆಂದು ಮಗಳು ನಂಬಿದ್ದಳು, ನಾನೂ ಹಾಗೆಯೇ ಎಣಿಸಿದ್ದೆ. ಗುಮ್ಮಟ ಪೂರ್ಣವಾಗಿಯೇ ಉಳಿಯಿತು, ಮಂಕಾಯಿತಷ್ಟೆ. ಏಕೆಂದರೆ ಮಸೂರದ ಪ್ರತಿಯೊಂದು ಭಾಗಕ್ಕೂ ಇಡೀ ಗುಮ್ಮಟದಿಂದ ಬೆಳಕು ಬರುತ್ತಿರುತ್ತದೆ.